ಸೊನ್ನೆ ಬೇರೆ, ಖಾಲಿ ಬೇರೆ

ಗೋಣಿಕೊಪ್ಪ ಬಸ್ ಸ್ಟ್ಯಾಂಡಿನ ಹಿಂದೆ
ಪಂಪ್‌ಸೆಟ್ ಅಂಗಡಿಯ ಮಾಳಿಗೆಯಲ್ಲಿ ನನ್ನ ಮೇಜು.
ಸಂಬಳ ಕೊಡುವವರು ಡೆನ್ಮಾರ್ಕಿನವರು.
ಪ್ರಶ್ನೆ ಕೇಳುವವರು ಮಾತ್ರ ಇಲ್ಲಿಯವರೇ,
ಚಪ್ಪಲಿ ಮೆಟ್ಟಿಲಲ್ಲಿ ಬಿಟ್ಟು ಮೇಲೆ ಬರುತ್ತಾರೆ.

ಹೇಳಿ ಹೇಳಿ ಬಾಯಿಪಾಠವಾದದ್ದು ಇಷ್ಟು:
ಕುಟ್ಟದ ಕಡೆ ಗುಡುಗಿದರೆ
ರೂಟರಿನ ಸ್ವಿಚ್ ಆರಿಸಿ ಸುಮ್ಮನೆ ಕೂರಬೇಡಿ,
ವಯರನ್ನೇ ಕೀಳಿ. ಸಿಡಿಲಿಗೆ ಸ್ವಿಚ್ ಗೊತ್ತಿಲ್ಲ.
ನೆನೆದ ಫೋನನ್ನು ಅಕ್ಕಿಯಲ್ಲಿ ಹೂಳಬೇಡಿ,
ಜುಲೈಯಲ್ಲಿ ನಮ್ಮ ಅಕ್ಕಿಯೇ ಒಣಗಲು ಜಾಗ ಹುಡುಕುತ್ತಿರುತ್ತದೆ.
ಜೀಪಿನ ನಂಬರನ್ನು ಪಾಸ್‌ವರ್ಡ್ ಮಾಡಬೇಡಿ;
ಈ ಊರಲ್ಲಿ ಮುಖ ಮರೆತವರಿದ್ದಾರೆ,
ಜೀಪಿನ ನಂಬರ್ ಮರೆತವರಿಲ್ಲ.
ಮ್ಯಾಪ್ ತೋರಿಸುವ ಒಳದಾರಿ
ಯಾರದೋ ತೋಟದ ಗೇಟಿಗೆ ಹೋಗಿ ನಿಲ್ಲುತ್ತದೆ,
ಗೇಟಿನಾಚೆ ಎರಡು ನಾಯಿ.
ಆಟೋ ಸ್ಟ್ಯಾಂಡಿನ ರಜಾಕನನ್ನು ಕೇಳಿ.

ಫಾರ್ಮುಗಳಿಗೆ ಕೊನೆಯ ಹೆಸರು ಬೇಕು.
ನಮ್ಮಲ್ಲಿ ಮನೆತನ ಮೊದಲು ಬಂದು ಕೂರುತ್ತದೆ,
ಮನುಷ್ಯ ಅದರ ಹಿಂದೆ.
ಹಾಗಾಗಿ ಬ್ಯಾಂಕು ಒಬ್ಬನ ಹುಟ್ಟುಹಬ್ಬಕ್ಕೆ
ಇಡೀ ಒಕ್ಕಕ್ಕೇ ಶುಭಾಶಯ ಕಳಿಸುತ್ತದೆ.
ನಗಬೇಡಿ, ಅಂಥ ಫಾರ್ಮುಗಳನ್ನು ನಾನೂ ಬರೆದಿದ್ದೇನೆ.

ಮಾರ್ಚಿಯಲ್ಲಿ, ಹೂಮಳೆ ಬಿದ್ದ ಎಂಟನೇ ದಿನ,
ರೋಬಸ್ಟಾ ಹೂವಿನ ವಾಸನೆಗೆ
ಬಸ್ ಸ್ಟ್ಯಾಂಡಿನ ನಾತವೂ ಸೋತು ಕೂತಿದ್ದಾಗ
ಚೋಂದಮ್ಮ ಟೀಚರ್ ಜಿಪ್ಸಿಯಿಂದ ಗೋಣಿಚೀಲ ಇಳಿಸಿದರು.
ಮೂವತ್ತೆಂಟು ಡೈರಿ. ಬರೀ ಮಳೆಯ ಲೆಕ್ಕ.
ದಿನಾ ಬೆಳಿಗ್ಗೆ ಎಂಟಕ್ಕೆ ಅಳೆದ ಇಂಚು, ಸೆಂಟು.
"ಕಂಪ್ಯೂಟರಿಗೆ ಹಾಕಿಕೊಡು.
ಗೆದ್ದಲು ಎಂಬತ್ತೊಂಬತ್ತನ್ನು ತಿನ್ನಲು ಶುರುಮಾಡಿದೆ."

ಬ್ಯಾಕಪ್ ಎಂದರೇನೆಂದು ವಿವರಿಸಲು ಹೊರಟೆ.
"ಎಂತ, ಬ್ಯಾಕಿಂಗ್ ಮಳೆಯ ಹಾಗೆ ತಾನೇ?
ಹೂವರಳಿಸಿದ ಮಳೆ ಒಂದನ್ನೇ ನಂಬಿದರೆ ಕಾಯಿ ನಿಲ್ಲಲ್ಲ.
ಮೂರು ವಾರದೊಳಗೆ ಇನ್ನೊಂದು ಬೀಳಬೇಕು."
ಹತ್ತು ವರ್ಷ ಜನರಿಗೆ ಹೇಳಲು ಒದ್ದಾಡಿದ್ದನ್ನು
ಅವರು ಬೀಗದ ಕೈ ತಿರುಗಿಸುತ್ತಾ ಹೇಳಿ ಹೋದರು.

ಅಂಗಡಿಯ ಹುಡುಗ ಓದಿದ, ನಾನು ಕುಟ್ಟಿದೆ.
ಅಲ್ಲಲ್ಲಿ ಖಾಲಿ ದಿನಗಳು, ಇನ್ನೂರ ಹನ್ನೆರಡು.
ಒಂದೇ ಸಾಲಿನ ಕೋಡಿನಲ್ಲಿ ಅವಕ್ಕೆಲ್ಲ ಸೊನ್ನೆ ತುಂಬಿದೆ.
ನಕ್ಷೆ ಚೆಂದ ಬಂತು, ಎಲ್ಲೂ ಮುರಿಯಲಿಲ್ಲ.

ಟೀಚರ್ ತೆರೆಯ ಮೇಲೆ ಬೆರಳಿಟ್ಟರು.
"ಈ ಸೊನ್ನೆ ಯಾರು ಹಾಕಿದ್ದು?"
ಡೈರಿಯಲ್ಲಿ ಖಾಲಿ ಇತ್ತಲ್ಲ, ಟೀಚರ್.
"ಸೊನ್ನೆ ಅಂದರೆ ಹೋಗಿ ನೋಡಿದೆ, ನೀರಿರಲಿಲ್ಲ.
ಖಾಲಿ ಅಂದರೆ ನೋಡಲಿಲ್ಲ.
ನೋಡದೇ ಇಲ್ಲ ಅನ್ನುವುದಕ್ಕೆ ನೀನ್ಯಾರು?"

ಆಮೇಲೆ ಒಂದೊಂದನ್ನೇ ಗುರುತು ಹಿಡಿದರು.
ಇದು ಆನೆ ಮಳೆಮಾಪಕ ತುಳಿದ ವಾರ,
ಮಡಿಕೇರಿಯಿಂದ ಹೊಸತು ತರಿಸುವ ತನಕ.
ಇದು ನಾಪೋಕ್ಲುವಿನ ಹಾಕಿ, ಸೆಮಿಫೈನಲ್,
ಮನೆಯಲ್ಲಿ ನಾಯಿಯೂ ಇರಲಿಲ್ಲ.
ಇದು ಕಣ್ಣಿನ ಆಪರೇಷನ್ನು, ಮೈಸೂರು.
ಇದು
ತೊಂಬತ್ತಾರರ ಆಗಸ್ಟು, ಹನ್ನೊಂದು ದಿನ.
ಕನ್ನಡಕ ತೆಗೆದರು, ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು.
"ಇದು ಹಾಗೇ ಇರಲಿ."

ಆಗಸ್ಟಲ್ಲವೇ, ಮಳೆ ಬಂದೇ ಇರುತ್ತದೆ.
ಪಕ್ಕದ ತೋಟದ ಅಂಕಿ ತಂದು ತುಂಬಬಹುದು,
ಹಿಂದಿನ ಮುಂದಿನ ದಿನಗಳ ಸರಾಸರಿ ಹಾಕಬಹುದು.
ಅದಕ್ಕೂ ಒಂದು ಸಾಲು ಸಾಕು.
ಆ ಸಾಲು ನನಗೆ ಬರುತ್ತದೆ.

ರಾತ್ರಿ ಕೂತು ಸೊನ್ನೆಗಳನ್ನು ಅಳಿಸಿದೆ.
ನಕ್ಷೆಗೆ ಈಗ ಹಲ್ಲುದುರಿದ ಬಾಯಿ.
ಪೆನ್ ಡ್ರೈವಿಗೆ ಒಂದು ಪ್ರತಿ, ಮೊಮ್ಮಗಳ ಇಮೇಲಿಗೆ ಒಂದು,
ಡೈರಿಗಳಿಗೆ ಬೇವಿನೆಲೆ.

ಡೆನ್ಮಾರ್ಕಿಗೂ ಬರೆದೆ:
ನಮ್ಮ ಫಾರ್ಮಿನಲ್ಲಿ ಕೆಂಪು ಚುಕ್ಕಿಗಳು ಜಾಸ್ತಿಯಾಗಿವೆ,
ಕೆಲವು ಮನೆಗಳನ್ನು ಖಾಲಿ ಬಿಡಲು ಜನಕ್ಕೆ ಅವಕಾಶ ಕೊಡೋಣ.
ಯಾಕೆ ಎಂದು ಕೇಳಿದ್ದಾರೆ.
ಹೂಮಳೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ.
ಉತ್ತರ ಶುರುಮಾಡುವಷ್ಟರಲ್ಲಿ
ಕುಟ್ಟದ ಕಡೆ ಗುಡುಗಿತು.
ಎದ್ದು ವಯರು ಕಿತ್ತೆ.