ತಾಲೀಮು

ಪಾದ್ರಿಯ ದೋಣಿ ನಮ್ಮ ದ್ವೀಪಕ್ಕೆ ವರ್ಷಕ್ಕೆರಡು ಸಲ,
ಚಿಲೊಯೆಯ ಗಾಳಿ ಒಪ್ಪಿದರೆ.
ಒಪ್ಪದಿದ್ದರೆ ಒಂದೇ ಸಲ.
ಮಿಕ್ಕ ದಿನ ಇಗರ್ಜಿಯ ಬೀಗದ ಕೈ
ನನ್ನ ಹಿಟ್ಟಿನ ಡಬ್ಬಿಯೊಳಗೆ.

ಈ ಚಳಿಗಾಲ ಜ್ಞಾನೋಪದೇಶಕ್ಕೆ ಏಳು ಮಕ್ಕಳು,
ಮತ್ತೆ ರೊಸಮೆಲ್ ಬಾರ್ರಿಯಾ.
ವಯಸ್ಸು ಐವತ್ತಮೂರು. ಕಪ್ಪೆಚಿಪ್ಪಿಗೆ ಮುಳುಗುವವನು.
ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂರುತ್ತಾನೆ.
ಓದು ಬಾರದು. ಕಿವಿಯೂ ಒಂದೇ,
ಇನ್ನೊಂದನ್ನು ನೀರು ತಿಂದಿದೆ.
ಉಳಿದ ಕಿವಿಯನ್ನು ನನ್ನತ್ತ ತಿರುಗಿಸಿ
ಹತ್ತು ಕಟ್ಟಳೆಗಳನ್ನು ಬೆರಳೆಣಿಸಿ ಒಪ್ಪಿಸುತ್ತಾನೆ,
ಎಡಗೈ ಹೆಬ್ಬೆರಳಿನಿಂದ ಶುರು.
ಆ ಕೈಗೆ ಕಿರುಬೆರಳಿಲ್ಲ.
ಐದನೆಯ ಕಟ್ಟಳೆ ಯಾವಾಗಲೂ
ಬರಿ ಗಾಳಿಯಲ್ಲಿ.

ಪಾಪಗಳ ಪಟ್ಟಿ ಮಾಡಿ ತನ್ನಿ ಅಂದಿದ್ದೆ.
ತಂದರು.
ಅಜ್ಜಿಯ ಆಲೂಗಡ್ಡೆ ರೊಟ್ಟಿ ಕದ್ದದ್ದು,
ಬಸುರಿ ಹಂದಿಗೆ ಕಲ್ಲು ಹೊಡೆದದ್ದು,
ಪೂಜೆಯ ನಡುವೆ ಹೂಸು ಬಿಟ್ಟು ತಂಗಿಯ ಮೇಲೆ ಹಾಕಿದ್ದು.
ಒತೀಲಿಯಾಗೆ ಎಷ್ಟು ಹುಡುಕಿದರೂ ಮೂರೇ ಸಿಕ್ಕವಂತೆ,
ಅಳುತ್ತ ನಿಂತಳು.
ಪಕ್ಕದ ಎಲಿಯೆಸೆರ್ ತನ್ನದೊಂದನ್ನು ಸಾಲ ಕೊಟ್ಟ,
ಕೊಟ್ಟಮೇಲೆ ಕೇಳಿದ: ಟೀಚರ್, ಇದೂ ಪಾಪವಾ?
ನಕ್ಕೆವು. ಒಲೆಯಲ್ಲಿ ಹಸಿ ಸೌದೆ ಸಿಳ್ಳೆ ಹಾಕಿತು.

ಎಲ್ಲರೂ ಹೋದಮೇಲೆ ರೊಸಮೆಲ್
ಹೊಸ್ತಿಲಲ್ಲಿ ಟೋಪಿ ಹಿಂಡುತ್ತ ನಿಂತ.
ಎದೆಲ್ಮೀರಾ, ಮಾಡಬಾರದ್ದು ಮಾಡಿದರೆ ಪಾಪ, ಸರಿ.
ಮಾಡಬೇಕಾದ್ದನ್ನು ಮಾಡದೆ ಬಿಟ್ಟರೆ?
ಅದೂ ಪಾಪವೇ, ಅಂದೆ, ಪುಸ್ತಕದಲ್ಲಿದ್ದ ಹಾಗೆ.
ಅಂದರೆ, ದೋಣಿಯಲ್ಲಿ ಗಾಳಿಯಂತ್ರ ಕಾಯುವವನು
ಒಂದು ಗಳಿಗೆ ಕಣ್ಣು—
ಶ್, ಅಂದೆ.

ಹತ್ತೊಂಬತ್ತು ವರ್ಷದ ಹಿಂದೆ ಕೆಳಗೆ ನನ್ನ ತಮ್ಮನಿದ್ದ.
ಮೇಲೆ ಇವನಿದ್ದ.
ಯಂತ್ರ ತಾನಾಗಿ ನಿಂತಿತೆಂದು ನಮಗೆ ಹೇಳಿದ್ದರು.
ಅಮ್ಮ ಆ ಯಂತ್ರಕ್ಕೆ
ಶಾಪ ಹಾಕುತ್ತ ಹಾಕುತ್ತಲೇ ತೀರಿಕೊಂಡಳು.

ಇದು ನನ್ನ ಕಿವಿಗಲ್ಲ ರೊಸಮೆಲ್,
ಪಾದ್ರಿ ಬರಲಿ, ಅವರ ಹತ್ತಿರ ಹೇಳು.
ಬಾಗಿಲು ಹಾಕಿಕೊಂಡೆ.
ಚಿಲಕ ಮೂರನೆಯ ಸಲಕ್ಕೆ ಕೂತಿತು.

ಶನಿವಾರ ತಾಲೀಮು, ಮಂತ್ರಿಸದ ಓಸ್ತಿಯಲ್ಲಿ.
ಕಚ್ಚಬೇಡಿ, ತಾನಾಗಿ ಕರಗಲಿ.
ಮಕ್ಕಳು ಅಂಗುಳಕ್ಕೆ ಅಂಟಿಸಿಕೊಂಡು ನಗು ತಡೆದರು.
ರೊಸಮೆಲ್ ಕಣ್ಣು ಮುಚ್ಚಿ
ಉಸಿರು ಹಿಡಿದು ಬಹಳ ಹೊತ್ತು ನಿಂತ,
ಆಮೇಲೆ ಯಾರಿಗೋ ಎಂಬಂತೆ:
ಇದರಲ್ಲಿ ಉಪ್ಪೇ ಇಲ್ಲ.

ಕೊನೆಗೆ ಮನಸ್ತಾಪದ ಜಪ.
ಮೊದಲ ಸಲವೇ ಒಂದಕ್ಷರ ತಪ್ಪದೆ ಹೇಳಿದ.
ಇನ್ನೊಮ್ಮೆ, ಅಂದೆ.
ಹೇಳಿದ.
ಸರಿಯಾಗಲಿಲ್ಲ, ಇನ್ನೊಮ್ಮೆ.
ಹೇಳಿದ.
ಏಳು ಸಲ ಹೇಳಿಸಿದೆ.
ಟೀಚರ್, ಮಾಮ ಸರಿಯಾಗೇ ಹೇಳಿದರಲ್ಲ, ಅಂದಳು ಒತೀಲಿಯಾ.
ಅವನು ಮಾತ್ರ ಆ ಒಂದು ಕಿವಿಯನ್ನು ನನ್ನ ಕಡೆಗಿಟ್ಟು
ಎಂಟನೆಯದಕ್ಕೆ ಕಾಯುತ್ತಿದ್ದ.

ನಾಳೆ ದೋಣಿ ಬರುತ್ತದೆ, ರೇಡಿಯೋದಲ್ಲಿ ಹೇಳಿದರು.
ನೆಲ ಒರೆಸಿದ್ದಾಯಿತು. ಸಂತರ ಮೇಲಿನ ಜೇಡರಬಲೆ ತೆಗೆದದ್ದಾಯಿತು.
ಪಾಪನಿವೇದನೆಯ ಕುರ್ಚಿಯ ಒಂದು ಕಾಲು ಗಿಡ್ಡ,
ಅದಕ್ಕೆ ರಟ್ಟು ಮಡಚಿಟ್ಟದ್ದಾಯಿತು.
ಈಗ ಮಕ್ಕಳಿಗೆ ಹಂಚಿ ಉಳಿದ ಹಾಳೆಯಲ್ಲಿ
ನನ್ನದೂ ಬರೆಯುತ್ತಿದ್ದೇನೆ.
ಏಳು ಸಲ, ಎಂದು ಬರೆದೆ.
ಅದರ ಕೆಳಗೆ: ಶ್ ಅಂದಮೇಲೂ
ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದೆ,
ಅವನು ಮಾತು ಮುಗಿಸಲೆಂದು.

ನಾಳೆ ಸಾಲಿನಲ್ಲಿ
ಅವನ ಮುಂದೆ ನಿಲ್ಲಲೋ, ಹಿಂದೆಯೋ,
ಇನ್ನೂ ಗೊತ್ತಾಗಿಲ್ಲ.