ಹೊರಚೆಲ್ಲಲಾಗದ್ದು

ಬೈತಖೋಲದ ದಕ್ಕೆಯಲ್ಲಿ ಟ್ರಾಲರಿನಿಂದ
ಇಬ್ಬರು ಹೊತ್ತು ಇಳಿಸಿದರು ಸುಕ್ರಾ ಓರಾಂವನನ್ನು.
ನೆತ್ತಿ ಸುಡುವ ಬಿಸಿಲಲ್ಲಿ, ಮೂರು ಮಡಿಕೆ ಬಲೆ ಹೊದಿಸಿದರೂ
ಹಲ್ಲು ಕಟಕಟ.

ಜಿಲ್ಲಾಸ್ಪತ್ರೆಯ ಶೇವಂತಾ ಮೇತ್ರಿ
ಅವನದೊಂದು ಹನಿ ಗಾಜಿನ ಮೇಲೆ ಎಳೆದು, ಕಣ್ಣು ಕೀಲಿಸಿ
ನನಗೆ ಫೋನು ಮಾಡಿದಳು:
‘ಬಾ, ನಿನ್ನ ಉಂಗುರಗಳು ಬಂದಿವೆ.’
ಕೆಂಪುಕಣದೊಳಗೆ ಹರಳು ಕೂರಿಸಿದ ಸಣ್ಣ ಉಂಗುರ.
ಮೂರು ದಿನ ಮಾತ್ರೆ ನುಂಗಿದ ಮೇಲೂ
ಕಳಚದ್ದು.

ಮಲೇರಿಯಾದ ಹುಳ ರಕ್ತ ತಿನ್ನುತ್ತದೆ.
ರಕ್ತದೊಳಗಿನ ಕಬ್ಬಿಣ ಅದಕ್ಕೆ ವಿಷ. ಅದಕ್ಕೂ ಗೊತ್ತು.
ಉಣ್ಣುವವ ಮೀನಿನ ಮುಳ್ಳು ಬಾಳೆಲೆಯ ಅಂಚಿಗೆ ಸರಿಸುವಂತೆ
ಹರಳು ಕಟ್ಟಿ ಮೂಲೆಗಿಡುತ್ತದೆ.
ಹಳೆಯ ಮದ್ದಿನ ಕೆಲಸ ಇಷ್ಟೇ ಇತ್ತು,
ಮುಳ್ಳನ್ನು ಗಂಟಲಲ್ಲೇ ನಿಲ್ಲಿಸುವುದು.
ಈಗ ಹುಳ ಕಲಿತಿದೆ. ಒಳಬಂದ ಮದ್ದನ್ನು
ಮೊಗೆದು ಮೊಗೆದು ಹೊರಗೆ ಚೆಲ್ಲುತ್ತದೆ.

ಮೊಗೆಯುವುದು ನನಗೆ ಗೊತ್ತು.
ಏಳನೇ ವಯಸ್ಸಿಗೆ ನನ್ನ ಉದ್ಯೋಗವೇ ಅದು:
ಅಪ್ಪ ಹುಟ್ಟು ಹಾಕುವಾಗ, ಅರ್ಧ ಕತ್ತರಿಸಿದ ಡಾಲ್ಡಾ ಡಬ್ಬಿಯಲ್ಲಿ
ದೋಣಿಯ ತಳದ ನೀರೆತ್ತಿ ನೀರಿಗೇ ಹಾಕುವುದು.
ಕೂರ್ಮಗಡದ ಆಚೆ ಎಷ್ಟೇ ನುಗ್ಗಿದರೂ ಸೋತಿರಲಿಲ್ಲ ಡಬ್ಬಿ.
ಒಮ್ಮೆ ತಾರ್ಲೆ ಎಣ್ಣೆಯ ಕ್ಯಾನು ಉರುಳಿತು.
ನಾನು ಬಾಗುವಷ್ಟರಲ್ಲಿ
ಹಲಗೆ ಕುಡಿದು ಮುಗಿಸಿತ್ತು.

ಈಗ ಕಾಲೇಜಿನ ಲ್ಯಾಬಿನಲ್ಲಿ
ಹಳೆಯ ಮದ್ದಿನ ಬೆನ್ನಿಗೆ ಕಬ್ಬಿಣ ಹೊಲಿಯುತ್ತೇನೆ.
ಐದು ಮೂಲೆಯ ಎರಡು ಬಳೆ, ನಡುವೆ ಒಂದೇ ಪರಮಾಣು,
ಹತ್ತೂ ಇಂಗಾಲಗಳನ್ನು ಸಮದೂರದಲ್ಲಿಟ್ಟು
ಯಾರ ಪಕ್ಷವನ್ನೂ ಹಿಡಿಯದೆ ಕೂತಿದೆ.
ಬಣ್ಣ ಅಬ್ಬಲಿಗೆ. ವಾಸನೆ ಕರ್ಪೂರ.
ಎಣ್ಣೆಯ ಗುಣ. ಪೊರೆಗೆ ಹಿಡಿದರೆ ಬಿಡದು.
ಮೊಗೆ, ನೋಡೋಣ, ಇದನ್ನ.

ಹದಿನಾರು ಶೀಶೆ ಕೆಟ್ಟವು.
ಒಂದು ಕರಗಲೇ ಇಲ್ಲ, ಒಂದು ಡಾಂಬರಾಯಿತು,
ಒಂಬತ್ತನೆಯದು ಹುಳವನ್ನು ಕೊಂದು
ಯಕೃತ್ತಿನ ಕೋಶಗಳನ್ನೂ ಕೊಂದಿತು. ಆ ರಾತ್ರಿ ನಾನು ಉಣ್ಣಲಿಲ್ಲ.
ಹದಿನೇಳನೆಯದನ್ನು ಬಂಗಡೆಯ ಹಾಗೆ ಮಂಜುಗಡ್ಡೆಯಲ್ಲಿ ಹುಗಿದು
ಬೆಳಗಿನ ಬಸ್ಸಿಗೆ ಗೋವೆಗೆ ಕಳಿಸಿದ್ದೇನೆ, ಪರೀಕ್ಷೆಗೆ.

ಅಪ್ಪ ಕೇಳಿದ: ‘ಕಬ್ಬಿಣ ಅಂದ್ಯಲ್ಲೆ. ತುಕ್ಕು ಹಿಡೂದಿಲ್ವ?’
ಕಾರವಾರದಲ್ಲಿ ಇದು ಮೊದಲ ಪ್ರಶ್ನೆ.
ಕಿಟಕಿಯ ಸರಳು, ಸೈಕಲ್ಲಿನ ರಿಮ್ಮು,
ಅಂಗಳದಲ್ಲಿ ಅವನದೇ ಲಂಗರು, ಮುಟ್ಟಿದರೆ ಪದರ ಪದರ.
ಇಲ್ಲ ಎನ್ನಲು ಬಾಯಿ ತೆರೆದವಳು ತಡೆದೆ.
‘ಹಿಡೀಬೇಕು ಅಪ್ಪ. ಹುಳದ ಹೊಟ್ಟೆಯ ಹುಳಿಗೆ ಬಿದ್ದ ಮೇಲೆ
ಅಲ್ಲೇ ಹಿಡೀಬೇಕು. ಆ ತುಕ್ಕೇ ಅದನ್ನ ತಿನ್ನೂದು.’
ಅವನು ಲಂಗರಿನತ್ತ ಬಹಳ ಹೊತ್ತು ನೋಡಿದ.
‘ಹಂಗಾದ್ರೆ ನಮ್ಮ ಗಾಳಿನೂ ಚೂರು ಹಾಕು.’

ಸುಕ್ರಾ ಬೇರೆ ಮಾತ್ರೆಗೆ ಎದ್ದು ಕೂತು ಗಂಜಿ ಕೇಳಿದನಂತೆ.
ಆ ಮಾತ್ರೆಗೂ ಯಾವುದೋ ನದಿಯ ದಂಡೆಯಲ್ಲಿ
ಯಾರದೋ ರಕ್ತದೊಳಗೆ
ಒಂದು ಡಬ್ಬಿ ತಯಾರಾಗುತ್ತಿರಬೇಕು.

ಗೋವೆಯಿಂದ ಇನ್ನೂ ಸುದ್ದಿಯಿಲ್ಲ.
ತಕ್ಕಡಿಯ ಕಾಲಿನ ತುಕ್ಕು ಒರೆಸಿ
ಹದಿನೆಂಟನೆಯದಕ್ಕೆ ತೂಗುತ್ತಿದ್ದೇನೆ.