ಅರ್ತಿನ ಬುಡಕ್ಕೆ ಎರಡು ಕೊಡ ನೀರು

ಪಗ್ಗು ತಿಂಗಳ ಮೂರು ಗಂಟೆ ಬಿಸಿಲಿಗೆ ನಾನು
ಹಿತ್ತಿಲ ಮೂಲೆಗೆ ಎರಡು ಕೊಡ ನೀರು ಹೊಯ್ಯುತ್ತೇನೆ.
ಅಲ್ಲಿ ಬಸಳೆಯಿಲ್ಲ, ಹರಿವೆಯಿಲ್ಲ.
ಸಿಮೆಂಟಿನ ಮುಚ್ಚಳ, ನಡುವೆ ಮುಷ್ಟಿಯಷ್ಟು ತೂತು,
ಒಳಗೆ ಇದ್ದಿಲು, ಉಪ್ಪು, ಆಳುದ್ದದ ಪೈಪು.
ಬಾವಿಯಲ್ಲಿ ಕೊಡಪಾನ ತಳ ಕೆರೆಯುವ ದಿನಗಳು.
ಎಂತ ಹುಚ್ಚು ನಿನ್ನದು, ಅಲ್ಲಿ ಎಂತ ಹುಟ್ಟುತ್ತದೆ?
ಕೇಳುತ್ತಾಳೆ ಆಚೆಮನೆಯ ಕುಂಞಮ್ಮ.
ಹುಟ್ಟಲಿಕ್ಕಲ್ಲ, ಹೋಗಲಿಕ್ಕೆ, ಎನ್ನುತ್ತೇನೆ.
ಹೋಗಲಿಕ್ಕೂ ದಾರಿ ಒದ್ದೆ ಬೇಕು.

ಬಾಯಾರುಪದವಿನಲ್ಲಿ ಮರವೆಂದರೆ ಮೊಣಕಾಲೆತ್ತರದ ಪೊದೆ.
ಆಕಾಶದ ಕೈಗೆ ಸಿಗುವುದು ನಾವೇ,
ಕರೆಂಟು ಕಂಬ, ನೀರಿನ ಟಾಂಕಿ, ನಮ್ಮ ಮಾಡು.
ಹೋದ ವರ್ಷ ಬಿದ್ದದ್ದು ಕಂಬಕ್ಕೆ.
ಮನೆಗೆ ಅದು ತಂತಿ ಹಿಡಿದು ನಡೆದು ಬಂತು
ಪರಿಚಯದವರ ಹಾಗೆ.
ಪಾಲಿಯೇಟಿವಿನವರು ಕೊಟ್ಟ ಆಕ್ಸಿಜನ್ ಯಂತ್ರ ಒಮ್ಮೆ ಕೆಮ್ಮಿತು,
ಇವರಿಗಿಂತ ಸಣ್ಣ ಕೆಮ್ಮು.
ಮತ್ತೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಕತ್ತಲೆ,
ಮೂಗಿನ ನಳಿಗೆಯಲ್ಲಿ ಏನೂ ಇಲ್ಲ.
ಸೆಕ್ಷನ್ ಆಫೀಸಿಗೆ ಫೋನು ಮಾಡಿದರೆ
"ಲೈನ್ ಪೊಟ್ಟಿ ಚೇಚೀ" ಎಂದ ಯಾರೋ, ಅವನಿಗೂ ಏದುಸಿರು.
ಉಪ್ಪಳದಿಂದ ಸಿಲಿಂಡರ್ ಬರುವವರೆಗೆ
ಮೊರ ಹಿಡಿದು ಗಾಳಿ ಹಾಕಿದೆ.
ಹೊರಗೆ ಮಾಡಿನ ಹಂಚು ಹಾರುವಷ್ಟು ಗಾಳಿ.

ಮಳೆಗಾಲ ಕಳೆದು ವಯರ್‌ಮ್ಯಾನ್ ಅಂದುಂಞಿ ಬಂದ.
ಬೋರ್ಡು ಬಿಚ್ಚಿ ನಕ್ಕ:
ಮೂರನೇ ತೂತು ಬರೇ ಚಂದಕ್ಕೆ ಅಕ್ಕ, ಹಿಂದೆ ವಯರೇ ಇಲ್ಲ.
ಇಪ್ಪತ್ತೆರಡು ವರ್ಷ ಆ ತೂತನ್ನು ನಂಬಿ
ಮಿಕ್ಸಿ ತಿರುಗಿಸಿದ್ದೆ.
ಎಲ್ಲಿ ತೋಡುವುದೆಂದು ಅವನು ಹಿತ್ತಿಲಲ್ಲಿ ಸುತ್ತುವಾಗ
ಕಿಟಕಿಯೊಳಗಿಂದ ಇವರು ಕೈ ಎತ್ತಿದರು,
ಮೂವತ್ತು ವರ್ಷ ಮುರಕಲ್ಲು ಕಡಿದವರು,
ಆ ಕಲ್ಲಿನ ಹುಡಿಯನ್ನೇ ಎದೆಯಲ್ಲಿಟ್ಟುಕೊಂಡು ಮಲಗಿದವರು.
"ಅಲ್ಲಿ ಬೇಡ. ಹನ್ನೆರಡಡಿ ಕಲ್ಲೇ.
ಒಗೆಯುವ ಕಲ್ಲಿನ ಎಡಕ್ಕೆ..."
ಉಸಿರು.
"ನಾಲ್ಕಡಿಗೆ..."
ಉಸಿರು.
"ಜೇಡಿ."
ಅಂದುಂಞಿ ಹಾರೆಗೆ ಒರಗಿ ಕಾದ, ಮಾತು ಮುಗಿಯುವವರೆಗೆ.
ನಾಲ್ಕಡಿಗೇ ಸಿಕ್ಕಿತು. ಬಿಳಿ, ತಣ್ಣಗೆ.
ಒಂದು ಮುದ್ದೆ ತಂದು "ನೋಡಿ ಚನಿಯಪ್ಪಣ್ಣ" ಎಂದು ಅಂಗೈಗಿಟ್ಟ.
ಸಂಜೆವರೆಗೆ ಆ ಕೈ ತೊಳೆಯಲು ಬಿಡಲಿಲ್ಲ ಇವರು.

ಗೋಡೆಯಲ್ಲಿ ಈಗ ಒಂದು ಡಬ್ಬಿ, ಹಸಿರು ಕಣ್ಣಿನದು.
ಸಣ್ಣಪುಟ್ಟದ್ದನ್ನು ತಾನು ತಿಂದು ಸಾಯುತ್ತದಂತೆ.
ಕಣ್ಣು ಆರಿದರೆ ಫೋನು ಮಾಡಿ, ಎಂದ.
ದೊಡ್ಡದಕ್ಕೆ ಡಬ್ಬಿಯಿಲ್ಲ ಅಕ್ಕ, ಪ್ಲಗ್ಗು ಎಳೆಯುವುದೇ.
ಅದೂ ದೂರ ಇರುವಾಗ. ತಲೆ ಮೇಲೆ ಬಂದರೆ ಮುಟ್ಟಬೇಡಿ.

ಇವತ್ತು ಐದಕ್ಕೆ ಪೊಸಡಿಗುಂಪೆಯ ಹಿಂದೆ
ಯಾರೋ ಹಂಡೆ ಎಳೆದ ಸದ್ದು.
ಕೈ ಒರೆಸಿದೆ, ರಬ್ಬರ್ ಚಪ್ಪಲಿ ಮೆಟ್ಟಿದೆ.
ಮೊದಲು ಸಿಲಿಂಡರಿನ ಕೀಲಿ, ಮುಳ್ಳು ಎದ್ದದ್ದು ನೋಡಿ
ನಳಿಗೆ ಬದಲಿಸಿ, ಆಮೇಲೆ ಪ್ಲಗ್ಗು ಕಿತ್ತೆ.
ಇವರನ್ನು ಉಳಿಸುವ ಯಂತ್ರ ಉಳಿಯಬೇಕಾದರೆ
ಇವರ ಕಣ್ಣೆದುರೇ ಅದನ್ನು ನಿಲ್ಲಿಸಬೇಕು.
ಆ ಮೌನ ನನಗೆ ಇನ್ನೂ ಅಭ್ಯಾಸವಾಗಲಿಲ್ಲ.

ಮಿಂಚಿತು. ಇವರು ಬೆರಳು ಮಡಿಚಿ ಎಣಿಸತೊಡಗಿದರು
ಗುಡುಗಿಗೆ ಇನ್ನೆಷ್ಟು ದೂರವೆಂದು.
ಹನ್ನೆರಡು. ಒಂಬತ್ತು. ನಾಲ್ಕು.
ನನ್ನ ಲೆಕ್ಕ ಬೇರೆ:
ಅಷ್ಟರಲ್ಲಿ ಈ ಎದೆ ಎಷ್ಟು ಸಲ ಏರಿತು.
ಮತ್ತೊಂದಕ್ಕೆ ಇಬ್ಬರೂ
ಒಂದು ಎನ್ನುವ ಮೊದಲೇ ಮನೆ ಬೆಳ್ಳಗಾಯಿತು,
ಪಾತ್ರೆಗಳು ಕಪಾಟಿನಲ್ಲಿ ಜರಗಿದವು.

ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ.
ಗಡಿಯಾರ ನೋಡಿ, ಪ್ಲಗ್ಗು ಸಿಕ್ಕಿಸಿದೆ.
ಯಂತ್ರ ಕೂಗಿ, ಗೊಣಗಿ, ಉಸಿರು ಶುರು ಮಾಡಿತು.
ಹಸಿರು ಕಣ್ಣು ಇದ್ದಲ್ಲೇ ಉಂಟು.
ಇವರು ನಳಿಗೆ ಸರಿಮಾಡಿಕೊಂಡು,
"ನಾಳೆ ನೀರು ಬೇಡ. ಮಳೆ ಬಂತಲ್ಲ" ಎಂದರು.
ಹೌದು, ಎಂದೆ.
ಆದರೂ ಒಂದು ಕೊಡ ಹೊಯ್ಯುತ್ತೇನೆ.